ಸಿರೋಸಿಸ್ ರೋಗಿಗಳಲ್ಲಿ ಅನ್ನನಾಳದ ರಕ್ತಸ್ರಾವ: ತಡೆಯುವ ಚಿಕಿತ್ಸೆ ನಡೆದುಬಂದ ದಾರಿ

ಯಕೃತ್ತಿನ ಸಿರೋಸಿಸ್ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ವ್ಯಾಧಿ. ಅದು ತನ್ನ ಇರವನ್ನು ಪ್ರಕಟಪಡಿಸುವ ಬಗೆಗಳು ಹಲವು: ಕಾಮಾಲೆ, ಜಲೋದರ, ಕಾಲುಬಾವು, ಮಿದುಳಿಗೆ ಕವಿಯುವ ಮಂಪರು. ಇವೆಲ್ಲವುಗಳ ನಡುವೆ ಮುನ್ಸೂಚನೆಯಿಲ್ಲದೆ ಎರಗುವುದು ರಕ್ತವಾಂತಿ. ಊಟ ಮುಗಿಸಿ ಎದ್ದ ಮನುಷ್ಯ, ನೋವಾಗಲಿ ಜ್ವರವಾಗಲಿ ಇಲ್ಲದೆ, ಬೊಗಸೆಗಟ್ಟಲೆ ರಕ್ತ ಕಾರುತ್ತಾನೆ. ಇಲ್ಲವೇ ಡಾಂಬರಿನಂತೆ ಕಪ್ಪಾದ, ಅಂಟಾದ ಮಲವನ್ನು ಎರಡು ದಿನ ಕಡೆಗಣಿಸಿ ಮೂರನೆಯ ದಿನ ತಲೆಸುತ್ತಿ ಬೀಳುತ್ತಾನೆ. 1980ರ ಸುಮಾರಿನಲ್ಲಿ ಇಂಥ ರಕ್ತಸ್ರಾವಕ್ಕೆ ತುತ್ತಾದವರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಆರು ವಾರಗಳೊಳಗೆ ಸಾಯುತ್ತಿದ್ದರು. ಇಂದು ಆ ಸಂಖ್ಯೆ ಹದಿನೈದರಿಂದ ಇಪ್ಪತ್ತಕ್ಕೆ ಇಳಿದಿದೆ. ಇದು ದೊಡ್ಡ ಸಾಧನೆಯೇ ಸರಿ. ಆದರೂ ಒಳ್ಳೆಯ ಆಸ್ಪತ್ರೆಯನ್ನು ಸಕಾಲಕ್ಕೆ ತಲುಪಿದ ಆರೇಳು ಜನರಲ್ಲಿ ಒಬ್ಬರು ಇಂದಿಗೂ ಉಳಿಯುವುದಿಲ್ಲವೆಂದರೆ, ರಕ್ತಸ್ರಾವವಾದ ಮೇಲೆ ಮಾಡುವ ಚಿಕಿತ್ಸೆಗಿಂತ ಅದು ಆಗದಂತೆ ಮಾಡುವ ಚಿಕಿತ್ಸೆಗೆ ಏಕೆ ಇಷ್ಟು ಬೆಲೆಯಿದೆ ಎಂಬುದು ಮನವರಿಕೆಯಾಗುತ್ತದೆ.

ಆ ತಡೆಯ ಚಿಕಿತ್ಸೆಯ ಇತಿಹಾಸ ನೇರವಾದ ದಾರಿಯಲ್ಲಿ ಸಾಗಿದ್ದಲ್ಲ. ಧೈರ್ಯದ ಶಸ್ತ್ರಕ್ರಿಯೆಗಳು ಸೋತ ಎಡೆಯಲ್ಲಿ, ಹೃದಯದ ಬೇನೆಗೆಂದು ತಯಾರಾದ ಒಂದು ಅಗ್ಗದ ಮಾತ್ರೆ ಗೆದ್ದಿತು. ಗೆದ್ದ ಮೇಲೆಯೂ ಅದು ರೋಗಿಗಳ ನಿತ್ಯಜೀವನದಲ್ಲಿ ನೆಲೆಯೂರಲು ಹೆಣಗುತ್ತಿದೆ.

ಒತ್ತಡ ಏರುವ ಬಗೆ

ಜಠರ, ಕರುಳು, ಗುಲ್ಮ ಮತ್ತು ಮೇದೋಜೀರಕಾಂಗಗಳಿಂದ ಮರಳುವ ರಕ್ತವು ದೇಹದ ಇತರ ಭಾಗಗಳ ರಕ್ತದಂತೆ ನೇರವಾಗಿ ಹೃದಯದತ್ತ ಹೋಗುವುದಿಲ್ಲ. ಅದು ಪೋರ್ಟಲ್ ಅಭಿಧಮನಿ ಎಂಬ ದೊಡ್ಡ ನಾಳದಲ್ಲಿ ಕೂಡಿಕೊಂಡು ಮೊದಲು ಯಕೃತ್ತನ್ನು ಹೊಗುತ್ತದೆ. ಅಲ್ಲಿ ಸೋಸಿ ಸಂಸ್ಕರಿಸಲ್ಪಟ್ಟು ಆಮೇಲೆ ಹೃದಯವನ್ನು ಸೇರುತ್ತದೆ. ಯಕೃತ್ತಿಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರು ರಕ್ತ ಬರುತ್ತದೆ; ಅದರಲ್ಲಿ ಮುಕ್ಕಾಲು ಪಾಲಿನಷ್ಟು ಈ ಮಾರ್ಗದ್ದೇ. ಆರೋಗ್ಯವಂತರಲ್ಲಿ ಇಷ್ಟು ರಕ್ತ ಹರಿದರೂ ಯಕೃತ್ತಿನ ಒಳಬದಿಗೂ ಹೊರಬದಿಗೂ ನಡುವಣ ಒತ್ತಡದ ಅಂತರ ಪಾದರಸದ 5 ಮಿಲಿಮೀಟರನ್ನು ಮೀರುವುದಿಲ್ಲ. ಯಕೃತ್ತು ಮೆತ್ತನೆಯ ಸ್ಪಂಜಿನಂತೆ ರಕ್ತಕ್ಕೆ ದಾರಿ ಬಿಡುತ್ತದೆ.

ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು, ಬೊಜ್ಜು ಮತ್ತು ಮಧುಮೇಹದೊಡನೆ ಬರುವ ಯಕೃತ್ತಿನ ಕೊಬ್ಬು ಮೊದಲಾದ ಕಾರಣಗಳಿಂದ ಈ ಸ್ಪಂಜು ಗಾಯಗೊಳ್ಳುತ್ತದೆ. ಮಾಯುವಾಗ ನಾರಿನ ಕಲೆ ಕಟ್ಟುತ್ತದೆ, ಕಲೆಗಳ ನಡುವೆ ಉಳಿದ ಜೀವಕೋಶಗಳು ಗಂಟುಗಳಾಗಿ ಬೆಳೆಯುತ್ತವೆ. ಹೃದಯದ ಬಡಿತ ಕೇಳುವ ನಳಿಗೆಯನ್ನು ಕಂಡುಹಿಡಿದ ಫ್ರಾನ್ಸಿನ ವೈದ್ಯ ಲೆನೆಕ್ ಇಂಥ ಯಕೃತ್ತಿನ ಕಂದುಹಳದಿ ಬಣ್ಣವನ್ನು ಕಂಡು, ಅದೇ ಅರ್ಥದ ಗ್ರೀಕ್ ಪದದಿಂದ 1819ರಲ್ಲಿ ರೋಗಕ್ಕೆ ಸಿರೋಸಿಸ್ ಎಂದು ಹೆಸರಿಟ್ಟನು. ರೋಗಿಯನ್ನು ಕೊಲ್ಲುವುದು ಬಣ್ಣವಲ್ಲ, ಗಡಸುತನ. ಹೆಸರು ಮಾತ್ರ ಬಣ್ಣದ್ದೇ ಉಳಿದುಕೊಂಡಿತು.

ಕೆರೆ ಕಾಲುವೆಗಳ ನಾಡಿನವರಿಗೆ ಮುಂದಿನ ಕಥೆ ಸುಲಭವಾಗಿ ಅರ್ಥವಾದೀತು. ಕಾಲುವೆಯಲ್ಲಿ ಹೂಳು ತುಂಬಿದರೆ ಹಿಂದೆ ನೀರು ಏರುತ್ತದೆ. ಸಿರೋಸಿಸ್‌ನಲ್ಲಿ ಇದರ ಮೇಲೆ ಇನ್ನೊಂದು ವಿಪರೀತವೂ ನಡೆಯುತ್ತದೆ. ನೈಟ್ರಿಕ್ ಆಕ್ಸೈಡ್ ಮೊದಲಾದ ರಾಸಾಯನಿಕಗಳು ಹೆಚ್ಚಾಗಿ, ಕರುಳಿಗೆ ರಕ್ತ ಒಯ್ಯುವ ಅಪಧಮನಿಗಳು ಹಿಗ್ಗಿಕೊಂಡು, ಪೋರ್ಟಲ್ ನಾಳಕ್ಕೆ ಬರುವ ರಕ್ತದ ಪ್ರಮಾಣವೇ ಏರುತ್ತದೆ. ಅಂದರೆ ಹೂಳು ತುಂಬಿದ ಕಾಲುವೆಗೆ ತೂಬನ್ನು ಇನ್ನಷ್ಟು ಎತ್ತಿ ನೀರು ಬಿಟ್ಟಂತೆ. ಏರಿದ ರಕ್ತ ಕೋಡಿ ಹುಡುಕುತ್ತದೆ. ಅನ್ನನಾಳವು ಜಠರವನ್ನು ಸೇರುವಲ್ಲಿ ಪೋರ್ಟಲ್ ವ್ಯವಸ್ಥೆಯ ಸಣ್ಣ ಅಭಿಧಮನಿಗಳೂ ದೇಹದ ಸಾಮಾನ್ಯ ಅಭಿಧಮನಿಗಳೂ ಕೂಡುತ್ತವೆ. ಒತ್ತಡದ ಅಂತರ 10 ಮಿಲಿಮೀಟರನ್ನು ಮುಟ್ಟಿದ ಮೇಲೆ ಈ ಕೂಡುನಾಳಗಳು ಹಿಗ್ಗಿ, ಸುತ್ತಿಕೊಂಡು, ಅನ್ನನಾಳದ ಒಳಗೋಡೆಯಲ್ಲಿ ಉಬ್ಬಿ ನಿಲ್ಲುತ್ತವೆ. ವೈದ್ಯರು ಇವನ್ನು ವೇರಿಸಿಸ್ ಎನ್ನುತ್ತಾರೆ. ಅಂತರ 12 ಮಿಲಿಮೀಟರಿಗಿಂತ ಕೆಳಗಿದ್ದಷ್ಟು ಕಾಲ ಅವು ಒಡೆಯುವುದು ತೀರಾ ಅಪರೂಪ.

ಒಡೆಯುವುದು ಯಾವಾಗ ಎಂಬುದನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹೆಸರಾದ ಫ್ರೆಂಚ್ ಗಣಿತಜ್ಞ ಲಾಪ್ಲಾಸನ ಸೂತ್ರದಿಂದ ವಿವರಿಸುವುದು ರೂಢಿ. ನಾಳದ ಗೋಡೆಯ ಮೇಲಣ ಸೆಳೆತ ಒಳಗಿನ ಒತ್ತಡಕ್ಕೂ ನಾಳದ ಅಗಲಕ್ಕೂ ತಕ್ಕಂತೆ ಹೆಚ್ಚುತ್ತದೆ, ಗೋಡೆ ದಪ್ಪವಿದ್ದಷ್ಟೂ ಕಡಿಮೆಯಾಗುತ್ತದೆ. ಹಳೆಯ ಸೈಕಲ್ ಟ್ಯೂಬಿಗೆ ಗಾಳಿ ಹೊಡೆದಾಗ ಒಂದೆಡೆ ಉಬ್ಬಿ, ಉಬ್ಬಿದಲ್ಲಿ ರಬ್ಬರು ತೆಳುವಾಗಿ, ತೆಳುವಾದ್ದರಿಂದ ಇನ್ನೂ ಉಬ್ಬಿ, ಅಲ್ಲಿಯೇ ಒಡೆಯುವುದನ್ನು ನೋಡಿದವರಿಗೆ ಸೂತ್ರದ ಅಗತ್ಯವಿಲ್ಲ. ಉತ್ತರ ಇಟಲಿಯ ಎಂಡೋಸ್ಕೋಪಿ ತಜ್ಞರ ಕೂಟವು 321 ರೋಗಿಗಳನ್ನು ಅನುಸರಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ಎತ್ತಿ ತೋರಿತು. ಉಬ್ಬಿದ ನಾಳದ ಗಾತ್ರ, ಅದರ ಮೇಲೆ ಕಾಣುವ ಕೆಂಪು ಗೆರೆಗಳು (ಗೋಡೆ ತೆಳುವಾಗಿರುವುದರ ಗುರುತು) ಮತ್ತು ಯಕೃತ್ತಿನ ಒಟ್ಟಾರೆ ಶಕ್ತಿ, ಈ ಮೂರರಿಂದ ಯಾರಿಗೆ ಅಪಾಯ ಹೆಚ್ಚು ಎಂದು ಮುಂಗಾಣಬಹುದೆಂದು ಆ ತಜ್ಞರು ನಿರೂಪಿಸಿದರು.

ಸೋತ ಉಪಾಯಗಳು

ನೀರಿನ ಒತ್ತಡ ಇಳಿಸಲು ಬೇರೊಂದು ಕಾಲುವೆ ತೋಡುವುದು ಯಾರಿಗಾದರೂ ಮೊದಲು ಹೊಳೆಯುವ ಉಪಾಯ. 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೊಲಾಯ್ ಎಕ್ ಎಂಬಾತ ನಾಯಿಗಳಲ್ಲಿ ಪೋರ್ಟಲ್ ಅಭಿಧಮನಿಯನ್ನು ಪಕ್ಕದ ಮಹಾ ಅಭಿಧಮನಿಗೆ ಹೊಲಿದು ಜೋಡಿಸಿದನು. ಮುಂದೆ ಪಾವ್ಲೋವ್ ಮತ್ತು ಸಂಗಡಿಗರು ಇದೇ ಪ್ರಯೋಗವನ್ನು ನಡೆಸಿ, ಹೀಗೆ ಜೋಡಿಸಲ್ಪಟ್ಟ ನಾಯಿಗಳು ಮಾಂಸ ತಿಂದಾಗ ದಿಕ್ಕೆಟ್ಟು, ತೂರಾಡಿ, ಪ್ರಜ್ಞೆ ತಪ್ಪುವುದನ್ನು 1893ರಲ್ಲಿ ವರದಿ ಮಾಡಿದರು. ಯಕೃತ್ತು ಸೋಸಬೇಕಾದ ವಿಷಗಳು ಸೋಸದೆಯೇ ಮಿದುಳನ್ನು ಮುಟ್ಟುತ್ತಿದ್ದವು. ಈ ಎಚ್ಚರಿಕೆಯ ಮಾತು ಮುದ್ರಣದಲ್ಲಿದ್ದರೂ, 1940ರ ದಶಕದಲ್ಲಿ ನ್ಯೂಯಾರ್ಕಿನ ವಿಪ್ಪಲ್ ಮತ್ತಿತರ ಶಸ್ತ್ರವೈದ್ಯರು ಮನುಷ್ಯರಲ್ಲಿ ಇಂಥ ಜೋಡಣೆಯನ್ನು ಕೈಗೊಂಡರು. ಒಮ್ಮೆ ರಕ್ತ ಕಾರಿದವರಿಗೆ ಇದು ಸಮರ್ಥನೀಯವಾಗಿತ್ತು. ಇನ್ನೂ ರಕ್ತಸ್ರಾವವಾಗದವರಿಗೂ ಮುನ್ನೆಚ್ಚರಿಕೆಯಾಗಿ ಇದನ್ನು ಮಾಡಿ, ಮಾಡದವರೊಡನೆ ಹೋಲಿಸಿದಾಗ ಫಲಿತಾಂಶ ಕಹಿಯಾಗಿತ್ತು. ರಕ್ತಸ್ರಾವ ನಿಂತಿತು, ಆಯುಷ್ಯ ಹೆಚ್ಚಲಿಲ್ಲ. ರಕ್ತ ಕಾರಿ ಸಾಯುವ ಬದಲು ಹಲವರು ಯಕೃತ್ತು ಸೋತು, ಮಂಪರು ಕವಿದು ಸತ್ತರು.

ಎರಡನೆಯ ಪಾಠ ಇನ್ನೂ ಕಠಿಣವಾದುದು. ಉಬ್ಬಿದ ನಾಳದೊಳಕ್ಕೆ ಸೂಜಿಯಿಂದ ಮದ್ದು ಚುಚ್ಚಿ ಅದನ್ನು ಮುಚ್ಚಿಬಿಡುವ ವಿಧಾನವನ್ನು ಸ್ವೀಡನ್ನಿನ ವೈದ್ಯರು 1939ರಲ್ಲಿಯೇ ವಿವರಿಸಿದ್ದರು. ಮಣಿಯುವ ಎಂಡೋಸ್ಕೋಪಿನ ನಳಿಗೆ ಬಂದ ಮೇಲೆ ಅದು ಎಲ್ಲೆಡೆ ಹಬ್ಬಿತು. ರಕ್ತಸ್ರಾವವಾಗುತ್ತಿರುವಾಗ ಅದು ಜೀವ ಉಳಿಸುತ್ತಿದ್ದುದರಿಂದ, ಮೊದಲೇ ಚುಚ್ಚಿದರೆ ಇನ್ನೂ ಒಳಿತೆಂಬ ಊಹೆ ಸಹಜವಾಗಿತ್ತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಮದ್ಯದಿಂದ ಯಕೃತ್ತು ಕೆಟ್ಟ ಪುರುಷರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಚುಚ್ಚುಮದ್ದು ಪಡೆದವರೇ ಹೆಚ್ಚು ಸಂಖ್ಯೆಯಲ್ಲಿ ಸಾಯುತ್ತಿದ್ದರು. ಚೆನ್ನಾಗಿರುವ ಮನುಷ್ಯನಿಗೆ ಮುಂದೆಂದೋ ಬರಬಹುದಾದ ಅಪಾಯದ ಹೆಸರಿನಲ್ಲಿ ಇಂದೇ ಹಾನಿ ಮಾಡುವ ಸಾಧ್ಯತೆ ತಡೆಯ ಚಿಕಿತ್ಸೆಯ ಬೆನ್ನಿಗೆ ಸದಾ ಅಂಟಿಕೊಂಡಿರುತ್ತದೆ. ಈ ಕ್ಷೇತ್ರದಲ್ಲಿ ಆಮೇಲೆ ಬಂದ ಪ್ರತಿಯೊಂದು ವಿಧಾನವನ್ನೂ ಆ ಅನುಮಾನದಿಂದಲೇ ತೂಗಲಾಗಿದೆ.

ಹೃದಯದ ಮಾತ್ರೆ ಯಕೃತ್ತಿಗೆ

ಪ್ರೊಪ್ರನೊಲಾಲ್ ಎಂಬ ಮಾತ್ರೆಯನ್ನು 1960ರ ದಶಕದಲ್ಲಿ ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ರೂಪಿಸಿದ್ದು ಎದೆಶೂಲೆಗಾಗಿ. 1988ರ ನೊಬೆಲ್ ಪ್ರಶಸ್ತಿಯನ್ನು ಪಡೆದವರಲ್ಲಿ ಆತ ಒಬ್ಬನು. ಅಡ್ರಿನಲಿನ್ ಹಾರ್ಮೋನಿನ ಬೀಟಾ ಗ್ರಾಹಕಗಳನ್ನು ಮುಚ್ಚಿ ಈ ಔಷಧ ಹೃದಯದ ವೇಗವನ್ನು ತಗ್ಗಿಸುತ್ತದೆ. ಪ್ಯಾರಿಸ್ಸಿನ ಪಕ್ಕದ ಕ್ಲಿಷಿಯಲ್ಲಿರುವ ಬೋಜೊ ಆಸ್ಪತ್ರೆಯ ದಿದಿಯೇ ಲೆಬ್ರೆಕ್ ಮತ್ತು ಸಹೋದ್ಯೋಗಿಗಳು ಇದನ್ನು ಬೇರೆ ಕಣ್ಣಿನಿಂದ ನೋಡಿದರು. ಹೃದಯ ಹೊರಹಾಕುವ ರಕ್ತ ತಗ್ಗಿದರೆ ಕರುಳಿಗೆ ಹೋಗುವ ರಕ್ತವೂ ತಗ್ಗಬೇಕು. ಕರುಳಿನ ಅಪಧಮನಿಗಳನ್ನು ಹಿಗ್ಗಿಸುವ ಎರಡನೆಯ ಬಗೆಯ ಬೀಟಾ ಗ್ರಾಹಕವೂ ಮುಚ್ಚಿದರೆ ಅವು ಇನ್ನಷ್ಟು ಸಂಕುಚಿಸಬೇಕು. ಹೂಳು ತೆಗೆಯಲಾಗದಿದ್ದರೆ ತೂಬನ್ನಾದರೂ ಇಳಿಸಬಹುದಲ್ಲವೇ ಎಂಬುದು ಇಲ್ಲಿನ ತರ್ಕ. ಹೃದಯವನ್ನು ಮಾತ್ರ ಗುರಿಯಾಗಿಸುವ ಅಟೆನೊಲಾಲ್, ಮೆಟೊಪ್ರೊಲಾಲ್‌ಗಳು ಈ ಕೆಲಸಕ್ಕೆ ಸಾಲವು ಎಂಬ ಅಂಶ ಇಂದಿಗೂ ಔಷಧಚೀಟಿ ಬರೆಯುವಲ್ಲಿ ಕೆಲವೊಮ್ಮೆ ಮರೆತುಹೋಗುತ್ತದೆ.

ಒಮ್ಮೆ ರಕ್ತಸ್ರಾವವಾಗಿ ಚೇತರಿಸಿಕೊಂಡಿದ್ದ 74 ರೋಗಿಗಳನ್ನು ಎರಡು ಗುಂಪಾಗಿಸಿ, ಒಂದಕ್ಕೆ ಪ್ರೊಪ್ರನೊಲಾಲನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆಯನ್ನೂ ಲೆಬ್ರೆಕ್ ತಂಡ ಕೊಟ್ಟಿತು. 1981ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಒಂದು ವರ್ಷದ ಕೊನೆಗೆ ಔಷಧ ಪಡೆದವರಲ್ಲಿ ಶೇಕಡಾ 96 ಮಂದಿಗೆ ಮರಳಿ ರಕ್ತಸ್ರಾವವಾಗಿರಲಿಲ್ಲ. ಇನ್ನೊಂದು ಗುಂಪಿನಲ್ಲಿ ಹಾಗೆ ಪಾರಾದವರು ಶೇಕಡಾ 50 ಮಾತ್ರ. ಇಷ್ಟು ಸೊಗಸಾದ ಅಂಕಿಗಳು ನಂತರದ ಪರೀಕ್ಷೆಗಳಲ್ಲಿ ಸಿಗಲಿಲ್ಲ. ಆ ರೋಗಿಗಳ ಯಕೃತ್ತು ಬಹುಮಟ್ಟಿಗೆ ಸುಸ್ಥಿತಿಯಲ್ಲಿದ್ದುದು ಇದಕ್ಕೆ ಒಂದು ಕಾರಣ. ಆದರೆ ದಿಕ್ಕು ಸರಿಯಾಗಿತ್ತು. ಒಮ್ಮೆಯೂ ರಕ್ತಸ್ರಾವವಾಗದೆ ದೊಡ್ಡ ನಾಳಗಳಿರುವವರಲ್ಲಿ ಎರಡು ವರ್ಷಗಳಲ್ಲಿ ನಾಲ್ವರಲ್ಲಿ ಒಬ್ಬರಿಗೆ ಬರುತ್ತಿದ್ದ ಮೊದಲ ರಕ್ತಸ್ರಾವವನ್ನು ಈ ಮಾತ್ರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆಂದು ಮುಂದಿನ ಪರೀಕ್ಷೆಗಳ ಒಟ್ಟು ಲೆಕ್ಕ ತೋರಿಸಿತು.

ಹಾಗಾದರೆ ನಾಳಗಳು ಉಬ್ಬುವ ಮೊದಲೇ ಮಾತ್ರೆ ಕೊಟ್ಟರೆ ಅವು ಹುಟ್ಟುವುದನ್ನೇ ತಡೆಯಬಹುದೇ? 2005ರಲ್ಲಿ ಗ್ರಾಸ್‌ಮನ್ ಮತ್ತಿತರರು 213 ರೋಗಿಗಳಲ್ಲಿ ಟಿಮೊಲಾಲ್ ಎಂಬ ಸೋದರ ಔಷಧವನ್ನು ಪರೀಕ್ಷಿಸಿದಾಗ ಉತ್ತರ ನಕಾರಾತ್ಮಕವಾಗಿತ್ತು, ಅಡ್ಡಪರಿಣಾಮಗಳಷ್ಟೇ ಹೆಚ್ಚಾದವು. ಒತ್ತಡ ಇನ್ನೂ ಕಡಿಮೆಯಿರುವಾಗ ತೂಬು ಪೂರ್ತಿ ತೆರೆದಿರುವುದಿಲ್ಲ, ಇಳಿಸಲು ಏನೂ ಇರುವುದಿಲ್ಲ ಎಂಬುದು ಇದರ ವಿವರಣೆ. ಒತ್ತಡ 10 ಮಿಲಿಮೀಟರನ್ನು ದಾಟಿದವರ ಮಾತು ಬೇರೆ. ಸ್ಪೇನಿನ ಎಂಟು ಆಸ್ಪತ್ರೆಗಳಲ್ಲಿ ಅಂಥ 201 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಜಲೋದರ, ರಕ್ತಸ್ರಾವ, ಮಂಪರು ಅಥವಾ ಮರಣಕ್ಕೆ ಗುರಿಯಾದವರು ಔಷಧದ ಗುಂಪಿನಲ್ಲಿ ಶೇಕಡಾ 16, ಇನ್ನೊಂದರಲ್ಲಿ ಶೇಕಡಾ 27. ಲಾಭದ ಹೆಚ್ಚಿನ ಪಾಲು ಜಲೋದರವನ್ನು ತಡೆದುದರಲ್ಲಿತ್ತು. ರಕ್ತಸ್ರಾವ ತಡೆಯಲೆಂದು ಹೊರಟ ಮಾತ್ರೆ ರೋಗದ ಮುನ್ನಡೆಯನ್ನೇ ನಿಧಾನಗೊಳಿಸುವುದೆಂಬ ಅರಿವು ಹೀಗೆ ಮೂಡಿತು.

ಬಳೆ ತೊಡಿಸುವ ವಿಧಾನ

ಕೋಡಿಯನ್ನೇ ಕಟ್ಟಿಬಿಡುವ ದಾರಿಯೂ ಉಂಟು. ಅಮೆರಿಕದ ಡೆನ್ವರ್ ನಗರದ ಶಸ್ತ್ರವೈದ್ಯ ಸ್ಟೀಗ್‌ಮನ್, ಮೂಲವ್ಯಾಧಿಗೆ ರಬ್ಬರಿನ ಉಂಗುರ ತೊಡಿಸುವ ಹಳೆಯ ಉಪಾಯವನ್ನು 1980ರ ದಶಕದಲ್ಲಿ ಅನ್ನನಾಳಕ್ಕೆ ಒಗ್ಗಿಸಿದನು. ಎಂಡೋಸ್ಕೋಪಿನ ತುದಿಯ ಬಟ್ಟಲಿನೊಳಕ್ಕೆ ಉಬ್ಬಿದ ನಾಳವನ್ನು ಹೀರಿಕೊಂಡು, ಅದರ ಬುಡಕ್ಕೆ ಸಣ್ಣ ರಬ್ಬರು ಬಳೆಯನ್ನು ಜಾರಿಸಲಾಗುತ್ತದೆ. ಕೆಲವು ದಿನಗಳಲ್ಲಿ ಬಳೆಯೂ ಸತ್ತ ಅಂಗಾಂಶವೂ ಉದುರಿ, ಅಲ್ಲಿ ಆಳವಿಲ್ಲದ ಹುಣ್ಣಾಗಿ, ಅದು ಮಾಯುವಾಗ ಕಲೆ ಕಟ್ಟುತ್ತದೆ. ಎಲ್ಲ ನಾಳಗಳು ಇಲ್ಲವಾಗುವ ತನಕ ಕೆಲವು ವಾರಗಳಿಗೊಮ್ಮೆ ಇದನ್ನು ಮಾಡಬೇಕು. ಆ ಹುಣ್ಣೇ ರಕ್ತ ಸುರಿಸುವ ಸಣ್ಣ ಅಪಾಯ ಉಳಿದೇ ಇರುತ್ತದೆ.

ಈ ವಿಷಯದಲ್ಲಿ ಭಾರತದ ಕೊಡುಗೆ ಗಣನೀಯ. ದೆಹಲಿಯ ಶಿವಕುಮಾರ್ ಸರೀನ್ ಮತ್ತು ಸಹೋದ್ಯೋಗಿಗಳು ಒಮ್ಮೆಯೂ ರಕ್ತಸ್ರಾವವಾಗಿರದ, ಆದರೆ ಹೆಚ್ಚಿನ ಅಪಾಯದಲ್ಲಿದ್ದ 89 ರೋಗಿಗಳಲ್ಲಿ ಬಳೆಯನ್ನೂ ಪ್ರೊಪ್ರನೊಲಾಲನ್ನೂ ಮುಖಾಮುಖಿಯಾಗಿಸಿದ ಅಧ್ಯಯನ 1999ರಲ್ಲಿ ಅಮೆರಿಕದ ಹೆಸರಾಂತ ವೈದ್ಯಪತ್ರಿಕೆಯಲ್ಲಿ ಬೆಳಕು ಕಂಡಿತು. ಹದಿನೆಂಟು ತಿಂಗಳಲ್ಲಿ ರಕ್ತಸ್ರಾವದ ಸಂಭವ ಮಾತ್ರೆಯವರಲ್ಲಿ ಶೇಕಡಾ 43, ಬಳೆಯವರಲ್ಲಿ ಶೇಕಡಾ 15. ಮರಣದ ಸಂಖ್ಯೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಜಠರದಲ್ಲಿ ಉಬ್ಬುವ ನಾಳಗಳ ವರ್ಗೀಕರಣವೂ ಜಗತ್ತಿನಾದ್ಯಂತ ಸರೀನ್ ಅವರ ಹೆಸರಿನಲ್ಲಿಯೇ ಬಳಕೆಯಲ್ಲಿದೆ. ಭಾರತದಲ್ಲಿ ಸಿರೋಸಿಸ್ ಇಲ್ಲದೆಯೂ, ಪೋರ್ಟಲ್ ನಾಳವೇ ಮುಚ್ಚಿಹೋಗಿ ರಕ್ತ ಕಾರುವ ಮಕ್ಕಳು ಕಡಿಮೆಯಿಲ್ಲ. ಅವರ ಯಕೃತ್ತು ಗಟ್ಟಿಮುಟ್ಟಾಗಿರುವುದರಿಂದ ಅವರ ಮುನ್ನೋಟ ಸಿರೋಸಿಸ್ ರೋಗಿಗಳಿಗಿಂತ ಬಹಳ ಮೇಲು.

ಬಳೆಯು ಕೋಡಿಯೊಂದನ್ನು ಕಟ್ಟುತ್ತದೆಯೇ ಹೊರತು ಕೆರೆಯ ಮಟ್ಟ ಇಳಿಸುವುದಿಲ್ಲ. ಕಟ್ಟಿದ ನಾಳ ವರ್ಷದೊಳಗೆ ಮರಳಿ ಉಬ್ಬಬಹುದು, ಜಲೋದರವನ್ನು ತಡೆಯುವ ಗುಣವಂತೂ ಬಳೆಗಿಲ್ಲ. ಮಾತ್ರೆ ಒತ್ತಡವನ್ನೇ ಇಳಿಸುತ್ತದೆ, ಆದರೆ ಪ್ರೊಪ್ರನೊಲಾಲಿನಿಂದ ಸಾಕಷ್ಟು ಒತ್ತಡ ಇಳಿಯುವುದು ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ. ಕಾರ್ವೆಡಿಲಾಲ್ ಎಂಬ ಹೊಸ ಬಗೆಯ ಔಷಧ ಬೀಟಾ ಗ್ರಾಹಕಗಳ ಜೊತೆಗೆ ಯಕೃತ್ತಿನೊಳಗಿನ ನಾಳಗಳ ಬಿಗಿತವನ್ನೂ ಸಡಿಲಿಸಿ ಹೆಚ್ಚು ಪರಿಣಾಮ ತೋರುತ್ತದೆ. ಹೂಳನ್ನೂ ಕೊಂಚ ಸರಿಸಿ ತೂಬನ್ನೂ ಇಳಿಸಿದ ಹಾಗೆ. ಇಟಲಿಯ ಬವೇನೊ ಪಟ್ಟಣದಲ್ಲಿ 1990ರಲ್ಲಿ ಆರಂಭವಾದ ತಜ್ಞರ ಸಮಾಲೋಚನೆಯ ಏಳನೆಯ ಆವೃತ್ತಿ 2021ರಲ್ಲಿ ನಡೆದಾಗ, ಜಲೋದರವಿಲ್ಲದ ರೋಗಿಗಳಿಗೆ ಕಾರ್ವೆಡಿಲಾಲನ್ನೇ ಮೊದಲ ಆಯ್ಕೆಯೆಂದು ಸೂಚಿಸಿತು. ಮಾತ್ರೆ ಒಗ್ಗದವರಿಗೆ ಬಳೆ. ಒಮ್ಮೆ ರಕ್ತಸ್ರಾವವಾಗಿ ಬದುಕುಳಿದವರಲ್ಲಿ ಚಿಕಿತ್ಸೆಯಿಲ್ಲದಿದ್ದರೆ ನೂರಕ್ಕೆ ಅರುವತ್ತು ಮಂದಿಗೆ ಒಂದೆರಡು ವರ್ಷಗಳಲ್ಲಿ ಅದು ಮರುಕಳಿಸುವುದರಿಂದ ಅವರಿಗೆ ಎರಡೂ ಬೇಕು. ಅಪಾಯ ತೀರಾ ಹೆಚ್ಚಿರುವ ಕೆಲವರಿಗೆ, ರಕ್ತಸ್ರಾವವಾದ 72 ಗಂಟೆಗಳೊಳಗೆ ಕುತ್ತಿಗೆಯ ಅಭಿಧಮನಿಯ ಮೂಲಕ ಯಕೃತ್ತಿನೊಳಗೇ ಲೋಹಜಾಲದ ನಳಿಗೆಯಿರಿಸಿ ಒತ್ತಡ ಇಳಿಸುವುದು ಜೀವ ಉಳಿಸುತ್ತದೆಂದು 2010ರ ಯುರೋಪಿನ ಅಧ್ಯಯನವೊಂದು ತೋರಿಸಿತು. ಎಕ್‌ನ ಹಳೆಯ ಕಾಲುವೆ ಹೀಗೆ ಆಯ್ದ ಕೆಲವರ ಪಾಲಿಗೆ ಹೊಸ ರೂಪದಲ್ಲಿ ಮರಳಿ ಬಂದಿದೆ.

ಚೆನ್ನಾಗಿರುವ ರೋಗಿಯ ಮಾತ್ರೆ

ಔಷಧ ಅಗ್ಗ, ಪುರಾವೆ ಗಟ್ಟಿ. ಆದರೂ ಇದನ್ನು ನುಂಗುವವನ ಸ್ಥಿತಿಯನ್ನು ಯೋಚಿಸಿ ನೋಡಬೇಕು. ಅವನಿಗೆ ಯಾವ ನೋವೂ ಇಲ್ಲ. ಮಾತ್ರೆ ಶುರುವಾದ ಮೇಲೆ ಮೈಯಲ್ಲಿ ದಣಿವು, ಎದ್ದು ನಿಂತಾಗ ತಲೆ ಹಗುರವಾದಂತೆ, ಕೈಕಾಲು ತಣ್ಣಗೆ, ಕೆಲವು ಗಂಡಸರಲ್ಲಿ ದಾಂಪತ್ಯದ ತೊಂದರೆ. ಲಾಭ ಕಣ್ಣಿಗೆ ಕಾಣುವಂಥದಲ್ಲ; ರಕ್ತಸ್ರಾವವಾಗದೆ ಹೋದ ದಿನವನ್ನು ಯಾರೂ ಎಣಿಸುವುದಿಲ್ಲ. ಚೆನ್ನಾಗಿದ್ದವನಿಗೆ ವೈದ್ಯರೇ ಕಾಯಿಲೆ ತಂದರೆಂದು ಮನೆಯವರಿಗೆ ತೋರುವುದು ಸ್ವಾಭಾವಿಕ. ಚೀಟಿ ಮುಗಿದಾಗ ಮಾತ್ರೆಯೂ ನಿಲ್ಲುತ್ತದೆ. ನಿಂತೊಡನೆ ಒತ್ತಡ ಹಳೆಯ ಮಟ್ಟಕ್ಕೆ ಏರುತ್ತದೆ. ಎಷ್ಟು ವರ್ಷ ನುಂಗಿದ್ದರೂ ಆ ರಕ್ಷಣೆ ಕೂಡಿಟ್ಟ ಹಣದಂತೆ ಉಳಿಯುವುದಿಲ್ಲ. ಇಷ್ಟನ್ನು ಆರಂಭದಲ್ಲಿಯೇ ರೋಗಿಗೂ ಮನೆಯವರಿಗೂ ಹತ್ತು ನಿಮಿಷ ಕುಳಿತು ತಿಳಿಸಿದ ಕಡೆ ಮಾತ್ರೆ ಮುಂದುವರಿಯುವ ಸಂಭವ ಹೆಚ್ಚು. ಹೊರರೋಗಿ ವಿಭಾಗದ ಸರತಿಯಲ್ಲಿ ಆ ಹತ್ತು ನಿಮಿಷವೇ ಅತ್ಯಂತ ದುಬಾರಿ ವಸ್ತು.

ದಣಿವನ್ನು ಕಡಿಮೆ ಮಾಡುವ ದಾರಿಗಳಿವೆ. ಕಾರ್ವೆಡಿಲಾಲನ್ನು ದಿನಕ್ಕೆ 6.25 ಮಿಲಿಗ್ರಾಮಿನಿಂದ ಆರಂಭಿಸಿ, ಒಗ್ಗಿದರೆ 12.5ಕ್ಕೆ ಏರಿಸಲಾಗುತ್ತದೆ. ಪ್ರೊಪ್ರನೊಲಾಲಾದರೆ ಅಲ್ಪ ಪ್ರಮಾಣದಿಂದ ಮೊದಲುಮಾಡಿ, ನಾಡಿ ನಿಮಿಷಕ್ಕೆ 55ರಿಂದ 60ರ ಆಸುಪಾಸಿಗೆ ಬರುವವರೆಗೆ ಮೆಲ್ಲಗೆ ಹೆಚ್ಚಿಸುವುದು ಕ್ರಮ. ರಕ್ತದೊತ್ತಡದ ಮೇಲಿನ ಅಂಕಿ 90ಕ್ಕಿಂತ ಕೆಳಗಿಳಿದರೆ, ಮೂತ್ರಪಿಂಡ ಸೋಲತೊಡಗಿದರೆ, ಔಷಧವನ್ನು ವೈದ್ಯರು ತಗ್ಗಿಸಬೇಕು ಇಲ್ಲವೇ ನಿಲ್ಲಿಸಬೇಕು. ಜಲೋದರ ಬಲಿತವರಲ್ಲಿ ಈ ಎಚ್ಚರ ಹೆಚ್ಚು ಬೇಕು. ಆಸ್ತಮಾ ಇರುವವರಿಗೆ, ಹೃದಯದ ವಿದ್ಯುತ್ ಮಾರ್ಗದಲ್ಲಿ ತಡೆಯಿರುವವರಿಗೆ ಇದು ಸಲ್ಲದು.

ಯಾರಿಗೆ ಔಷಧ ಬೇಕೆಂದು ಗುರುತಿಸುವುದೂ ಈಗ ಮೊದಲಿಗಿಂತ ಸುಲಭ. ಒತ್ತಡವನ್ನು ನೇರವಾಗಿ ಅಳೆಯಲು ಕುತ್ತಿಗೆಯಿಂದ ಯಕೃತ್ತಿನವರೆಗೆ ನಳಿಗೆ ಇಳಿಸಬೇಕು; ಅದು ದೊಡ್ಡ ಕೇಂದ್ರಗಳಿಗಷ್ಟೇ ಸಾಧ್ಯ. ಪಕ್ಕೆಲುಬಿನ ಮೇಲಿಟ್ಟು ಯಕೃತ್ತಿನ ಗಡಸುತನ ಅಳೆಯುವ ಫೈಬ್ರೊಸ್ಕ್ಯಾನ್ ಉಪಕರಣದ ಅಂಕಿ 20 ಕಿಲೊಪಾಸ್ಕಲ್‌ಗಿಂತ ಕಡಿಮೆಯಿದ್ದು, ರಕ್ತದ ಪ್ಲೇಟ್‌ಲೆಟ್ ಕಣಗಳು ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರೆ, ಅಪಾಯಕರ ನಾಳಗಳಿರುವ ಸಂಭವ ಬಹಳ ಕಡಿಮೆಯಾದ್ದರಿಂದ ಎಂಡೋಸ್ಕೋಪಿಯನ್ನು ಮುಂದೂಡಬಹುದು. ಉಪಕರಣವಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ಪ್ಲೇಟ್‌ಲೆಟ್ ಎಣಿಕೆ ಲಭ್ಯ. ಸಿರೋಸಿಸ್ ಇರುವವನಲ್ಲಿ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಒತ್ತಡ ಏರಿ ಗುಲ್ಮ ಹಿಗ್ಗುತ್ತಿದೆಯೆಂದು ಶಂಕಿಸಿ ಎಂಡೋಸ್ಕೋಪಿಗೆ ಕಳಿಸಬೇಕು. ಇಂಥವರು ಮೈಕೈ ನೋವಿಗೆಂದು ಅಂಗಡಿಯಿಂದ ಕೊಂಡು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ರಕ್ತಸ್ರಾವಕ್ಕೂ ಮೂತ್ರಪಿಂಡದ ಸೋಲಿಗೂ ದಾರಿಯಾಗುತ್ತವೆ. ಜಠರದ ಆಮ್ಲ ತಗ್ಗಿಸುವ ಮಾತ್ರೆಗಳಿಂದ ಉಬ್ಬಿದ ನಾಳಗಳಿಗೆ ರಕ್ಷಣೆಯೇನೂ ಸಿಗದಿದ್ದರೂ, ಅವನ್ನು ವರ್ಷಾನುಗಟ್ಟಲೆ ಬರೆದುಕೊಡುವ ರೂಢಿ ಬಲವಾಗಿದೆ.

ಹೂಳನ್ನೇ ತೆಗೆಯಲು ಬಾರದೆಂಬ ಹಳೆಯ ನಂಬಿಕೆ ಈಚೆಗೆ ಸಡಿಲಗೊಂಡಿದೆ. ಮದ್ಯವನ್ನು ಪೂರ್ತಿ ತ್ಯಜಿಸಿದವರಲ್ಲಿ ಪೋರ್ಟಲ್ ಒತ್ತಡ ಇಳಿಯುವುದುಂಟು. ಹೆಪಟೈಟಿಸ್ ಬಿ ವೈರಾಣುವನ್ನು ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ಹತ್ತಿಕ್ಕುತ್ತವೆ. ಹೆಪಟೈಟಿಸ್ ಸಿ ಹೆಚ್ಚಿನವರಲ್ಲಿ ಮೂರು ತಿಂಗಳ ಮಾತ್ರೆಗಳಿಂದಲೇ ವಾಸಿಯಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ಭಾರತದ ರಾಷ್ಟ್ರೀಯ ಕಾರ್ಯಕ್ರಮದಡಿ ಅದಕ್ಕೆ ಔಷಧ ಉಚಿತ. ಹೀಗೆ ಮೂಲಕಾರಣ ತೊಲಗಿದ ಮೇಲೆ ಗಡಸುತನದ ಅಂಕಿ 25 ಕಿಲೊಪಾಸ್ಕಲ್‌ಗಿಂತ ಕೆಳಗಿಳಿದವರಿಗೆ ಒಂದೆರಡು ವರ್ಷ ಕಾದು ಮತ್ತೆ ಎಂಡೋಸ್ಕೋಪಿ ಮಾಡಬೇಕೆಂದೂ, ಆಗ ಉಬ್ಬಿದ ನಾಳಗಳು ಕಾಣದಿದ್ದರೆ ಬೀಟಾ ತಡೆಯ ಮಾತ್ರೆಯನ್ನು ನಿಲ್ಲಿಸಬಹುದೆಂದೂ 2021ರ ಬವೇನೊ ಸಮಾಲೋಚನೆ ಹೇಳಿತು. ಬದುಕಿರುವವರೆಗೆ ನುಂಗಬೇಕೆಂದು ನಾಲ್ಕು ದಶಕಗಳ ಕಾಲ ಹೇಳಲಾಗುತ್ತಿದ್ದ ಮಾತ್ರೆಗೆ ಕೆಲವು ರೋಗಿಗಳ ಪಾಲಿಗಾದರೂ ಹೀಗೊಂದು ಕೊನೆಯ ದಿನ ಗೊತ್ತಾಗಿದೆ.